ತುದಿಯ ಬಣ್ಣ

ಮಾರ್ಚ್ 3, ಭಾನುವಾರ. ಸಂಜೆ

ರೌಂಡ್ಸ್ ಮುಗಿಯಿತು. ಏಳನೇ ಬೆಡ್ಡಿನ ಬಸ್ ಕಂಡಕ್ಟರ್‌ಗೆ ನಾಳೆ ಆಪರೇಷನ್. ಅನ್ನನಾಳದ ಕೆಳಗೆ ಗಡ್ಡೆ. ಮೂರು ವಾರದಿಂದ ನೀರು ಬಿಟ್ಟರೆ ಏನೂ ಇಳಿಯುತ್ತಿಲ್ಲ. ಚಿತ್ರ ಬರೆದು ತೋರಿಸಿದೆ — ಕೆಟ್ಟ ನಾಳ ತೆಗೆಯುತ್ತೇವೆ, ಜಠರವನ್ನು ಉದ್ದನೆಯ ಕೊಳವೆ ಮಾಡಿ ಎದೆಯೊಳಗೆ ಎಳೆದು, ಮೇಲೆ ಉಳಿದ ತುಂಡಿಗೆ ಜೋಡಿಸುತ್ತೇವೆ.

“ಅಂದ್ರೆ ಹೊಟ್ಟೇನೇ ಎದೆಗೆ ಬರುತ್ತಾ? ಹಾಗಾದ್ರೆ ಇನ್ಮೇಲೆ ಹೊಟ್ಟೆಕಿಚ್ಚು, ಎದೆಯುರಿ ಎರಡಕ್ಕೂ ಒಂದೇ ಸ್ಟಾಪು ಅನ್ನಿ, ಡಾಕ್ಟ್ರಮ್ಮ.”

ಪಕ್ಕದಲ್ಲಿದ್ದ ಅವನ ಅಕ್ಕ ತೋಳಿಗೆ ಒಂದು ಬಿಟ್ಟರು. “ಸುಮ್ನಿರೋ. ಇಪ್ಪತ್ತೆರಡು ವರ್ಷ ಬಸ್ಸಲ್ಲಿ ಕಿರುಚಿದ್ದು ಸಾಲ್ದಾ?” ಆಮೇಲೆ ನನಗೆ, ತಗ್ಗಿದ ದನಿಯಲ್ಲಿ — “ಮೂರು ವರ್ಷದವನಿದ್ದಾಗಿಂದ ನಾನೇ ತುತ್ತಿಟ್ಟು ಬೆಳೆಸಿದ್ದು. ಇವನು ಒಂದು ತುತ್ತು ನುಂಗೋದು ನೋಡಿದ್ರೆ ಸಾಕು ನಂಗೆ.”

ಮಾರ್ಚ್ 4, ಸೋಮವಾರ. ಸಂಜೆ 6.30

ಏಳು ಗಂಟೆ ನಿಂತಿದ್ದು. ಕಾಲು ಸೋತಿದೆ. ನಮ್ಮ ವಿಭಾಗದ ಮುಖ್ಯಸ್ಥರು, ದೊಡ್ಡ ಸರ್, ಎಂದಿನಂತೆ ಚುರುಕು. ಗಡ್ಡೆ ಪೂರ್ತಿ ಬಂತು. ಸ್ಟೇಪ್ಲರ್ ಜೋಡಣೆ. ಅದು ಎರಡೂ ಬದಿಯಿಂದ ಕತ್ತರಿಸಿ ಕೊಟ್ಟ ಮಾಂಸದ ಉಂಗುರಗಳು ಎಲ್ಲೂ ಹರಿದಿರಲಿಲ್ಲ, ಅಂದರೆ ಹೊಲಿಗೆ ಸುತ್ತಲೂ ಕೂತಿದೆ. ಎಲ್ಲ ಪುಸ್ತಕದಲ್ಲಿರುವ ಹಾಗೆ.

ಒಂದನ್ನು ಬಿಟ್ಟು. ಜೋಡಿಸುವ ಮೊದಲು ಕೊಳವೆಯ ತುದಿ ನೋಡಿದೆ. ಗುಲಾಬಿ ಇರಬೇಕಿತ್ತು. ಕೆನ್ನೀಲಿ ಇತ್ತು. ರಕ್ತ ಅಲ್ಲಿವರೆಗೆ ತಲುಪುತ್ತಿಲ್ಲ…

“ಸರ್, ತುದಿ ಸ್ವಲ್ಪ ಮಂಕಾಗಿದೆ. ಇನ್ನೆರಡು ಸೆಂಟಿಮೀಟರ್ ಕತ್ತರಿಸೋಣ್ವಾ?”

“ಕತ್ತರಿಸಿದ್ರೆ ಮೇಲಕ್ಕೆ ಎಟುಕಲ್ಲಮ್ಮ. ಬಣ್ಣ ಬರುತ್ತೆ. ಸ್ಟೇಪ್ಲರ್ ಕೊಡು.”

ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ. ಸ್ಟೇಪ್ಲರ್ ಕೊಟ್ಟೆ.

ಆಪರೇಷನ್ ನೋಟ್ಸ್ ನನ್ನ ಕೈಬರಹ. ಸರ್ ಹೇಳಿದರು, ಬರೆದೆ — ತುದಿಗೆ ರಕ್ತಸಂಚಾರ ಚೆನ್ನಾಗಿದೆ. ಕೆಳಗೆ ನನ್ನ ಸಹಿ.

ಮಾರ್ಚ್ 6, ಬುಧವಾರ

ನಾಡಿ 88. ಜ್ವರ ಇಲ್ಲ. ಎದೆಯಿಂದ ಬರುವ ನಳಿಕೆಯಲ್ಲಿ ತಿಳಿ ನೀರು. ಕುರ್ಚಿಯಲ್ಲಿ ಕೂತಿದ್ದ. ಒಂದು ಗುಟುಕು ನೀರು ಕೇಳಿದ. “ಏಳನೇ ದಿನ ಟೆಸ್ಟ್ ಮಾಡಿ ಕೊಡ್ತೀವಿ” ಅಂದೆ.

“ಟಿಕೆಟ್ ತಗೊಂಡೋನ್ನ ಇಷ್ಟು ಹೊತ್ತು ನಿಲ್ಲಿಸಬಾರ್ದು ಡಾಕ್ಟ್ರಮ್ಮ.”

ಎಲ್ಲರೂ ನಕ್ಕರು. ನಾನೂ. ಆ ನಳಿಕೆಯನ್ನು ನೋಡಲು ಮತ್ತೆ ಮೂರು ಸಲ ಹೋಗಿ ಬಂದೆ. ಯಾಕೆ ಎಂದು ನರ್ಸ್ ಕೇಳಿದಳು. ಸುಮ್ಮನೆ ಅಂದೆ.

ಮಾರ್ಚ್ 8, ಶುಕ್ರವಾರ. ಬೆಳಿಗ್ಗೆ 8

ನಾಡಿ 118. ಜ್ವರ 101. ನಳಿಕೆಯಲ್ಲಿ ಕದಡಿದ ನೀರು, ವಾಸನೆ. ಇವತ್ತು ಜೋಕ್ ಇಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಾನೆ.

ಸರ್ ಚಾರ್ಟ್ ನೋಡಿದರು. “ನಾಲ್ಕನೇ ದಿನ ಇದೆಲ್ಲಾ ಮಾಮೂಲಿ. ಆಂಟಿಬಯಾಟಿಕ್ ಬದಲಾಯಿಸು. ನಾಳೆವರೆಗೆ ಕಾಯೋಣ.”

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿದೆ. ನುಂಗಲಾರೆ, ಉಗುಳಲಾರೆ.

ಅದೇ ದಿನ. 11.20

ಕಾಯಲಿಲ್ಲ. ನನ್ನ ಹೆಸರಲ್ಲೇ ಸ್ಕ್ಯಾನ್ ಬರೆದೆ. ಜೋಡಣೆಯ ಹೊರಗೆ ಗಾಳಿ, ಅಂದರೆ ಸೋರುತ್ತಿದೆ. ಬಾಯಿಂದ ಕ್ಯಾಮೆರಾ ಇಳಿಸಿದೆ. ಜೋಡಣೆಯ ಕೆಳಗೆ ಕಪ್ಪು. ಕೆನ್ನೀಲಿಯಲ್ಲ, ಕಪ್ಪು. ಒಂದು ಬದಿ ಬಾಯಿಬಿಟ್ಟಿದೆ.

ಸರ್ ಬಂದು ಪರದೆಯ ಮುಂದೆ ನಿಂತರು. ಬೈಯುತ್ತಾರೆ ಅಂದುಕೊಂಡೆ.

“ಥಿಯೇಟರ್ ರೆಡಿ ಮಾಡ್ಸು” ಅಂದರು. ಅಷ್ಟೇ.

ಮಾರ್ಚ್ 9, ಶನಿವಾರ

ನಿನ್ನೆ ಎಲ್ಲ ಬಿಚ್ಚಿದೆವು. ಸತ್ತ ತುದಿ ಕತ್ತರಿಸಿ, ಉಳಿದ ಜಠರವನ್ನು ಹೊಟ್ಟೆಗೇ ವಾಪಸು. ಮೇಲಿನ ಅನ್ನನಾಳದ ಬಾಯನ್ನು ಕತ್ತಿನ ಎಡಗಡೆ ಹೊರಗೆ ತಂದಿದ್ದೇವೆ. ಇನ್ನು ಅವನು ನುಂಗಿದ್ದೆಲ್ಲ, ಎಂಜಲೂ ಸಹ, ಅಲ್ಲಿ ಕಟ್ಟಿದ ಚೀಲಕ್ಕೆ. ಊಟ ಕರುಳಿಗೆ ಹಾಕಿದ ಟ್ಯೂಬಿನಲ್ಲಿ. ಚೇತರಿಸಿಕೊಂಡರೆ ಕೆಲವು ತಿಂಗಳ ನಂತರ ದೊಡ್ಡಕರುಳಿನ ತುಂಡು ತಂದು ಸೇತುವೆ ಕಟ್ಟಬಹುದು.

ಚೇತರಿಸಿಕೊಂಡರೆ.

ಅಕ್ಕ ಐಸಿಯು ಗಾಜಿನಾಚೆಯಿಂದ ಆ ಚೀಲವನ್ನೇ ನೋಡುತ್ತಿದ್ದರು.

ಮಾರ್ಚ್ 12, ಮಂಗಳವಾರ

ವೆಂಟಿಲೇಟರ್ ತೆಗೆಯಲಾಗಿಲ್ಲ. ಇವತ್ತಿನಿಂದ ಡಯಾಲಿಸಿಸ್.

ಸರ್ ರೂಮಿಗೆ ಕರೆದರು. ಬಾಗಿಲು ಹಾಕು ಅಂದರು. “ನೋಟ್ಸಲ್ಲಿ ಇರೋದೇ ಸಾಕು. ಮೇಲಿಂದ ಏನೂ ಸೇರಿಸ್ಬೇಡ. ಈ ಕೈಯಿಂದ ಎಷ್ಟು ಜನ ಮತ್ತೆ ಉಂಡಿದಾರೆ, ಗೊತ್ತಲ್ವಾ ನಿಂಗೆ?”

ಗೊತ್ತು. ಸೂಜಿ ಹಿಡಿಯಲು ಕಲಿಸಿದ್ದೂ ಆ ಕೈಯೇ. ಅದಕ್ಕೇ ಕಷ್ಟ.

ಮಾರ್ಚ್ 13, ಬುಧವಾರ. ಬೆಳಿಗ್ಗೆ 10

ಅಕ್ಕನನ್ನು ಕೂರಿಸಿ ಸರ್ ವಿವರಿಸಿದರು. ನಾನು ಪಕ್ಕದಲ್ಲಿ. “ನೂರರಲ್ಲಿ ಹತ್ತು ಜನಕ್ಕಾದ್ರೂ ಜೋಡಣೆ ಬಿಟ್ಕೊಳ್ಳುತ್ತೆ. ಯಾರ ತಪ್ಪೂ ಅಲ್ಲ.”

ಆಕೆ ಪೂರ್ತಿ ಕೇಳಿಸಿಕೊಂಡರು. ತಲೆಯಾಡಿಸಿದರು. ಆಮೇಲೆ ತಿರುಗಿದ್ದು ನನ್ನ ಕಡೆ.

“ನೀವೂ ಒಳಗಿದ್ರಲ್ಲ ಡಾಕ್ಟ್ರಮ್ಮ. ನೀವು ಹೇಳಿ. ಆವತ್ತು ಎಲ್ಲಾ ಸರಿ ಇತ್ತಾ?”

ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ನನ್ನತ್ತ ನೋಡಲಿಲ್ಲ.

“ಇಲ್ಲಮ್ಮ” ಅಂದೆ. “ಸರಿ ಇರ್ಲಿಲ್ಲ. ನಾನು ನೋಡ್ದೆ. ನೋಡಿಯೂ ಸುಮ್ನೆ ಸ್ಟೇಪ್ಲರ್ ಕೊಟ್ಟೆ.”