ನಿನ್ನ ಮಾತಿನಂತೆ ಕೊಳವೆ ಇಡಲಿಲ್ಲ

ಮಗಳೇ ಗಿರಿಜಾ,

ಮಧುಗಿರಿಯ ಮನೆಯಲ್ಲಿ ಆ ಭಾನುವಾರದ ಊಟ ನೆನಪಿದೆಯೇ? ಮೊಣಕಾಲಿನ ಕೀಲು ಬದಲಿಸಿದ ಮೇಲೆ ರಕ್ತ ಹೊರತೆಗೆಯಲು ಎಲ್ಲರಿಗೂ ಕೊಳವೆ ಇಡಬೇಕಾಗಿಲ್ಲ ಎಂದು ನೀನು ಹೇಳಿದೆ. ಮೂಳೆಯ ವೈದ್ಯೆ ನೀನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಅಹಂಕಾರವಷ್ಟೇ ನನ್ನದು. ಆದರೂ ನಾನು ಪಟ್ಟು ಬಿಡಲಿಲ್ಲ: ಒಳಗೆ ನಿಂತ ರಕ್ತಕ್ಕೆ ದಾರಿ ಬೇಡವೇ? ಕೀಲು ಮುಚ್ಚಿದ ಜಾಗ, ಅಲ್ಲಿ ತುಂಬಿದ ರಕ್ತವೇ ಒತ್ತಿ ಒಸರುವುದನ್ನು ತಡೆಯುತ್ತದೆ, ಎಳೆದಷ್ಟೂ ಹರಿಯುತ್ತದೆ ಎಂಬುದು ನಿನ್ನ ಉತ್ತರ. ಎಳಸು ವಾದವೆಂದು ನಾನು ತಳ್ಳಿಹಾಕಿದೆ. ನೀನು ಅರ್ಧ ಊಟಕ್ಕೇ ಎದ್ದು ಹೋದೆ. ಅದನ್ನು ನಾನು ಗೆಲುವೆಂದುಕೊಂಡೆನಲ್ಲ...

ಡೆಂಗಿ ಜ್ವರ ನಿನ್ನನ್ನು ಆರೇ ದಿನಗಳಲ್ಲಿ ಒಯ್ದು ಎರಡು ವರ್ಷವಾಯಿತು. ನನ್ನ ಎಡಗಾಲು ಮಡಚದಂತಾಯಿತು. ಕೊನೆಗೆ ನಿನ್ನ ಕೈಕೆಳಗೆ ಕಲಿತ ಶಿರಾದ ಡಾಕ್ಟರ್ ನಯಾಜ್ ಬಳಿ ಹೋದೆ. "ಮೇಡಂ ಕಲಿಸಿದಂಗೇ ಮಾಡ್ತೀನಿ ಸರ್. ಜರೂರತ್ತಿಲ್ದೆ ಪೈಪ್ ಇಡಲ್ಲ" ಎಂದರು. ಖಂಡಿಸಲು ಬಾಯಿ ತೆರೆದೆ. ಯಾರನ್ನು ಖಂಡಿಸಲಿ, ಗಿರಿಜಾ? ಕೀಲು ಬದಲಿಸುವ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದೆ.

ಶಸ್ತ್ರಚಿಕಿತ್ಸೆ ಮುಗಿದು ವಾರ್ಡಿಗೆ ಬಂದಾಗ ಪಕ್ಕದ ಹಾಸಿಗೆಯಲ್ಲಿ ಹುಲಿಕುಂಟೆಯ ಕುರಿ ಸಾಕಣೆಯ ಈರಪ್ಪನಿದ್ದ. ಅವನದೂ ಮೊಣಕಾಲೇ; ಗಾಯ ಹೆಚ್ಚು ಒಸರುತ್ತಿದ್ದುದರಿಂದ ಕೊಳವೆ ಇಟ್ಟು, ಅದರ ತುದಿಗೆ ಸೀಸೆ ಕಟ್ಟಿದ್ದರು.

"ಸಾಮಿ, ಈ ಸೀಸೇದು ಒಳಕ್ಕೋಯ್ತಾ ಐತೋ, ಆಚಿಕ್ ಬತ್ತಾ ಐತೋ? ನಿಮಗ್ಯಾಕೆ ಕಟ್ಟಿಲ್ಲ, ಮೈನಾಗೆ ರಕ್ತಾನೇ ಇಲ್ವಾ?"

ನಾನು ವಿವರಿಸಿದೆ. ಮುಚ್ಚಿದ ಜಾಗ, ಒತ್ತಡ, ಎಳೆದಷ್ಟೂ ಹರಿಯುವುದು. ಒಂದೊಂದು ಮಾತೂ ನಿನ್ನದೇ. ಯಾರು ಹೇಳಿಕೊಟ್ಟರೆಂದು ಅವನು ಕೇಳಿದ. ಮಗಳು, ಇದೇ ಕೆಲಸದ ವೈದ್ಯೆ, ಅವಳು ಹೇಳಿದ್ದೇ ಸರಿ ಎಂದೆ. ನಿನ್ನೆದುರು ಒಮ್ಮೆಯೂ ಆಡದ ಮಾತು ಎಷ್ಟು ಸಲೀಸಾಗಿ ಬಂತು! ಆಯಮ್ಮ ಬಂದಾಗ ತನ್ನ ಕಾಲನ್ನೂ ನೋಡಲಿ ಎಂದು ಅವನು ಕೋರಿದ. ಬರುತ್ತಾಳೆ ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ಈರಪ್ಪ ತಲೆ ಬಾಚಿಕೊಂಡು ಬಾಗಿಲನ್ನೇ ನೋಡುತ್ತಿದ್ದ. ತಡೆಯಲಾರದೆ ಹೇಳಿದೆ, ನೀನು ತೀರಿಕೊಂಡು ಎರಡು ವರ್ಷವಾಯಿತೆಂದು.

"ಮತ್ತೆ ನೆನ್ನೆ ಬತ್ತಾಳೆ ಅಂದ್ರಲ್ಲ ಸಾಮಿ?"

"ಅಂದೆ" ಎಂದೆ.

ನಾಲ್ಕನೆಯ ದಿನಕ್ಕೆ ಊತ ಇಳಿಯತೊಡಗಿತು. ಎರಡು ತಿಂಗಳಾದ ಮೇಲೆ, ನಿನ್ನೆ, ಕೋಲಿಲ್ಲದೆ ಕೊರಟಗೆರೆಯ ಬಸ್ಸು ಹತ್ತಿದೆ. ಬಲಗಾಲಿನ ಸರದಿ ಮುಂದಿನ ತಿಂಗಳು. ಅನಿವಾರ್ಯವಲ್ಲದಿದ್ದರೆ ಕೊಳವೆ ಬೇಡವೆಂದು ಈ ಸಲ ನಯಾಜ್‌ಗೆ ನಾನೇ ಹೇಳುತ್ತೇನೆ. ಇದು ನನ್ನ ಮಗಳ ವಾದವೆಂದೂ ಹೇಳುತ್ತೇನೆ. ಎದುರುಪಕ್ಷದಲ್ಲಿ ಈಗ ನಾನೂ ಇಲ್ಲ.