ಗುಲಾಬಿಯಾದ ಬಿಳಿ ನಿಲುವಂಗಿ

ಪ್ರೀತಿಯ ಕುರಾಮೊಚಿ ಟೀಚರ್,

ನಿನ್ನೆ ನೀವು ಫೋನ್ ಮಾಡಿದ್ದು ಎಷ್ಟು ಒಳ್ಳೆಯದಾಯಿತು! ಮದುವೆಯಾದ ತಿಂಗಳಿಗೇ ಎರಡನೇ ತರಗತಿಯ ಮಗಳ ತಾಯಿಯಾದ ಖುಷಿಯಲ್ಲಿ ನನಗೆ ಏನೂ ತೋಚಿರಲಿಲ್ಲ. ಚಿನಾತ್ಸು ಸೋಮವಾರದಿಂದ ಶಾಲೆಗೆ ಬರದಿರುವುದು ಹೊಟ್ಟೆನೋವಿನಿಂದಲ್ಲ ಎಂದು, ನಿಮ್ಮ ಫೋನ್ ಬಂದ ಮೇಲೆ ಅವಳನ್ನು ಕೇಳಿದಾಗಲೇ ತಿಳಿಯಿತು. ತರಗತಿಯ ಮಕ್ಕಳಿಗೆ ಊಟ ಬಡಿಸುವ ತನ್ನ ವಾರದ ಸರದಿ ಮುಗಿಸಿ, ಆಗ ತೊಡುವ ಬಿಳಿ ನಿಲುವಂಗಿಯನ್ನು ಶುಕ್ರವಾರ ಒಗೆಯಲು ತಂದಿದ್ದಳು. ನಾನು ಅದನ್ನು ನನ್ನ ಹೊಸ ಕೆಂಪು ಲಂಗದ ಜೊತೆ ಒಗೆದು ಗುಲಾಬಿ ಮಾಡಿಬಿಟ್ಟೆ! ಇಂಥ ಸರದಿಯೇ ಇಲ್ಲದ ವಿದೇಶಿ ಇಂಗ್ಲಿಷ್ ಶಾಲೆಯಲ್ಲಿ ಓದಿದ ನನಗೆ ಅದು ಇಡೀ ತರಗತಿಯ ಬಟ್ಟೆ, ಸೋಮವಾರ ಮುಂದಿನ ಸರದಿಯ ಮಗುವಿಗೆ ಕೊಡಬೇಕು ಎಂದು ಗೊತ್ತೇ ಇರಲಿಲ್ಲ.

"ನನಗೆ ಹೇಳಬಾರದಿತ್ತೇನೇ?" ಅಂದೆ.

"ಹೇಳಿದ್ರೆ ನೀನು ಟೀಚರ್ ಹತ್ರ ಹೋಗ್ತಿದ್ದೆ. ಚಿನಾತ್ಸು ಅಮ್ಮಂಗೆ ಬಟ್ಟೆ ಒಗೆಯೋಕೂ ಬರಲ್ಲ ಅಂತ ಎಲ್ಲರೂ ನಗ್ತಿದ್ರು."

ಅವಳು ನನ್ನನ್ನು ಅಮ್ಮ ಎಂದದ್ದು ಅದೇ ಮೊದಲು, ಟೀಚರ್!

ನಾಳೆ ಹೊಸ ನಿಲುವಂಗಿ ಹಿಡಿದು ಇಬ್ಬರೂ ಬರುತ್ತೇವೆ. ಮಕ್ಕಳು ನಗುವುದಾದರೆ ನನ್ನನ್ನು ನೋಡಿ ನಗಲಿ. ಸರದಿ ಮುಗಿದಿದ್ದರೂ ನಾಳೆಯೊಂದು ದಿನ ಸೌಟನ್ನು ಅವಳ ಕೈಗೆ ಕೊಡಿ.

ನಿಮ್ಮ,
ಚಿನಾತ್ಸುವಿನ ಅಮ್ಮ ಮಿಯೋರಿ
ಕೋಬೆ