ಬಾಗಿಲಲ್ಲಿ ನಿಂತ ಅಜ್ಜಿಗೆ ಇನ್ನೊಂದು ಮಾತು

ಪುಟ್ಟಿ,

ಚಳಿ ಬಿದ್ದ ಶುಕ್ರವಾರ ಸಂಜೆ ಕಂಪ್ಯೂಟರಿನಲ್ಲಿ ಕಟ್ಟಲು ಶುರುಮಾಡಿದ ಆಟವನ್ನು ನೀನು ಇವತ್ತು ಸಂಜೆ ಆರು ಗಂಟೆಯೊಳಗೆ ಸ್ಪರ್ಧೆಗೆ ಕಳಿಸಬೇಕಲ್ಲ. ಎರಡು ದಿನದಿಂದ ಸರಿಯಾಗಿ ಮಲಗಿಲ್ಲ, ಅದಕ್ಕೇ ಎಬ್ಬಿಸಲಿಲ್ಲ. ಊಟ ಮುಚ್ಚಿಟ್ಟಿದ್ದೇನೆ; ಉಂಡೇ ಕಂಪ್ಯೂಟರ್ ಮುಂದೆ ಕೂರು.

"ಆಡಿ ನೋಡಜ್ಜಿ" ಅಂದಿದ್ದೆಯಲ್ಲ, ಆಡಿದೆ. ನಿನ್ನ ಆಟದ ಹುಡುಗಿ ರಾಕೆಟ್ ಹತ್ತುವಾಗ ಅವಳಜ್ಜಿ ಬಾಗಿಲಲ್ಲಿ ನಿಂತು "ಹೋಗ್ಬಾ ಮಗಾ" ಅಂದಳು. ಕಣ್ಣು ತುಂಬಿ ಬಂತು. ಆದರೆ ಏಳು ಗ್ರಹ ಸುತ್ತಿ ಮನೆ ಮುಟ್ಟಿದರೆ ಆಗಲೂ "ಹೋಗ್ಬಾ ಮಗಾ" ಅನ್ನುತ್ತಾಳಲ್ಲೇ! ಬಂದ ಮಗುವನ್ನು ಬಾಗಿಲಲ್ಲೇ ಸಾಗಹಾಕುವ ಅಜ್ಜಿ ಎಲ್ಲಾದರೂ ಇದ್ದಾಳೆಯೇ? ಕಳಿಸುವ ಮುಂಚೆ ಅವಳಿಗೆ ಇನ್ನೊಂದು ಮಾತು ಬರೆ: "ಬಂದ್ಯಾ? ಬಾ, ಮೊದ್ಲು ಊಟ ಮಾಡು. ಕಥೆ ಆಮೇಲೆ ಹೇಳೀಯಂತೆ."

ನಾನು ನಿನ್ನ ಚಿಕ್ಕಮ್ಮನ ಮನೆಗೆ ಹೊರಟೆ; ಬುಧವಾರ ವಾಪಸ್ ಬಂದಾಗ ನೀನೂ ಹಾಗೇ ಅನ್ನು.

ಇಂತಿ ನಿನ್ನ ಅಜ್ಜಿ, ಭಾನುವಾರ ಬೆಳಿಗ್ಗೆ.